ಉಬ್ಬಿದ ಮೊಬೈಲ್ ದಿಂಬಿನ ಪಕ್ಕವೇ?

ಪ್ರಶ್ನೆ: ನನ್ನ ಹಳೆ ಮೊಬೈಲ್‌ನ ಬೆನ್ನು ಉಬ್ಬಿ, ಸ್ಕ್ರೀನ್ ಒಂದು ಕಡೆ ಎದ್ದಿದೆ. ಚಾರ್ಜ್ ಚೆನ್ನಾಗಿಯೇ ನಿಲ್ಲುತ್ತದೆ. ರಾತ್ರಿ ದಿಂಬಿನ ಪಕ್ಕ ಚಾರ್ಜಿಗೆ ಹಾಕಿ ಮಲಗುತ್ತೇನೆ. ತೊಂದರೆ ಇದೆಯಾ?

ಉತ್ತರ: ಇದೆ, ಇವತ್ತೇ ನಿಲ್ಲಿಸಿ. ಉಬ್ಬಿದೆ ಅಂದರೆ ಬ್ಯಾಟರಿಯೊಳಗೆ ಗ್ಯಾಸ್ ತುಂಬಿದೆ. ಪ್ಲಸ್, ಮೈನಸ್ ಪದರಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಅದು ಹರಿದರೆ ಒಳಗೇ ಶಾರ್ಟ್ ಆಗಿ, ಆ ಬಿಸಿ ಇನ್ನಷ್ಟು ಬಿಸಿ ಹುಟ್ಟಿಸಿ, ನೋಡನೋಡುತ್ತಲೇ ಬೆಂಕಿ ಹತ್ತಬಹುದು. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ವಾಪಸ್ ತೆಗೆದುಕೊಂಡದ್ದು ಇಂಥ ಶಾರ್ಟ್‌ನಿಂದಲೇ. ಒತ್ತಿ ಸರಿ ಮಾಡಲು ಹೋಗಬೇಡಿ (ನಾವು ಮೊದಲು ಮಾಡುವುದೇ ಅದು, ಅಲ್ವಾ?). ಸ್ವಿಚ್ ಆಫ್ ಮಾಡಿ, ಹಾಸಿಗೆ ಬಟ್ಟೆಗಳಿಂದ ದೂರ ಬರಿ ನೆಲದ ಮೇಲಿಡಿ, ಆಮೇಲೆ ಸರ್ವಿಸ್ ಸೆಂಟರಿಗೆ ಕೊಡಿ. ಕಸದ ಬುಟ್ಟಿಗೆ ಮಾತ್ರ ಬೇಡ, ಲಾರಿಯಲ್ಲಿ ಜಜ್ಜಿದರೆ ಅಲ್ಲೇ ಹತ್ತಿಕೊಳ್ಳಬಹುದು.