ಕಾರಿನ ಲೈಸೆನ್ಸ್ ಇದೆ, ಸ್ಕೂಟರ್ ಓಡಿಸಬಹುದೇ?

ಪ್ರಶ್ನೆ: ನನಗೆ 42 ವರ್ಷ. ಹನ್ನೊಂದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಇವತ್ತಿನವರೆಗೂ ಒಂದು ಗೀರು ಬಿದ್ದಿಲ್ಲ. ಮಗಳ ಗೇರ್ ಇಲ್ಲದ ಸ್ಕೂಟರ್ ಮನೆಯಲ್ಲಿ ಸುಮ್ಮನೆ ನಿಂತಿರುತ್ತದೆ, ಹತ್ತಿರದ ಓಡಾಟಕ್ಕೆ ಅದನ್ನೇ ತೆಗೆದುಕೊಂಡು ಹೋಗುತ್ತೇನೆ. ಮೊನ್ನೆ ಪಕ್ಕದ ಮನೆಯವರು "ನಿಮ್ಮದು ಕಾರಿನ ಲೈಸೆನ್ಸ್ ಅಲ್ಲವೇ?" ಎಂದು ತಲೆಗೆ ಹುಳ ಬಿಟ್ಟರು. ದೊಡ್ಡ ಗಾಡಿಗೆ ಲೈಸೆನ್ಸ್ ಇದ್ದವರಿಗೆ ಸಣ್ಣದಕ್ಕೆ ಮತ್ತೆ ಬೇಕೇ?

ಉತ್ತರ: ಬೇಕು. ನಿಮ್ಮ ಪಕ್ಕದ ಮನೆಯವರ ಮಾತು ಸರಿ.

ನಮ್ಮ 1988ರ ಮೋಟಾರು ವಾಹನ ಕಾಯ್ದೆ ವಾಹನಗಳನ್ನು ದೊಡ್ಡದು, ಸಣ್ಣದು ಎಂದು ಒಂದರ ಮೇಲೊಂದು ಜೋಡಿಸಿಟ್ಟಿಲ್ಲ. ಹತ್ತನೇ ಸೆಕ್ಷನ್ ತೆಗೆದು ನೋಡಿದರೆ ಗೇರ್ ಇಲ್ಲದ ಮೋಟಾರ್ ಸೈಕಲ್, ಗೇರ್ ಇರುವ ಮೋಟಾರ್ ಸೈಕಲ್, ಲಘು ಮೋಟಾರು ವಾಹನ, ಸಾರಿಗೆ ವಾಹನ ಎಂದು ಬೇರೆ ಬೇರೆ ವರ್ಗಗಳು ಅಕ್ಕಪಕ್ಕ ಕೂತಿವೆ. ಯಾವ ವರ್ಗದಲ್ಲಿ ಪರೀಕ್ಷೆ ಕೊಟ್ಟಿರೋ ಅದಕ್ಕಷ್ಟೇ ಪರವಾನಗಿ. ಕಾನೂನಿನ ಕಣ್ಣಿಗೆ ನಿಮ್ಮ ಸ್ಕೂಟರ್ ಕೂಡ ಮೋಟಾರ್ ಸೈಕಲ್ಲೇ.

ನಿಮ್ಮ ಕಾರ್ಡನ್ನೊಮ್ಮೆ ತಿರುಗಿಸಿ ವಾಹನದ ವರ್ಗ ಎಂಬ ಸಾಲು ನೋಡಿ. ಎಲ್‌ಎಂವಿ ಎಂದಿದ್ದರೆ ಕಾರು. ಎಂಸಿಡಬ್ಲ್ಯುಜಿ ಎಂದರೆ ಗೇರ್ ಇರುವ ಬೈಕು, ಎಂಸಿಡಬ್ಲ್ಯುಒಜಿ ಎಂದರೆ ಗೇರ್ ಇಲ್ಲದ್ದು. ಬಹಳ ಜನ ಹದಿನೆಂಟು ತುಂಬಿದ ಕೂಡಲೇ ಬೈಕು, ಕಾರು ಎರಡನ್ನೂ ಒಂದೇ ಸಲ ಮಾಡಿಸಿಕೊಂಡಿರುತ್ತಾರೆ. 'ನನ್ನ ಡಿಎಲ್‌ನಲ್ಲಿ ಎರಡೂ ಓಡಿಸಬಹುದು' ಎಂದು ಅವರು ಹೇಳುವುದು ನಿಜವೇ. ಕೇಳಿಸಿಕೊಂಡವರು ಅದನ್ನು ಕಾರಿನ ಲೈಸೆನ್ಸಿನ ಗುಣ ಎಂದುಕೊಳ್ಳುತ್ತಾರೆ. ಈ ಗೊಂದಲದ ಮೂಲ ಅಲ್ಲಿದೆ ಎಂದು ನನ್ನ ಅನಿಸಿಕೆ.

ಆ ಸಾಲಿನಲ್ಲಿ ಎಲ್‌ಎಂವಿ ಒಂದೇ ಇದ್ದರೆ, ಸ್ಕೂಟರ್ ಮೇಲೆ ನೀವು ಲೈಸೆನ್ಸ್ ಇಲ್ಲದವರೇ. 2019ರ ತಿದ್ದುಪಡಿಯ ಪ್ರಕಾರ ಇದಕ್ಕೆ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ಮೊತ್ತವನ್ನು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳು ಇಳಿಸಿಕೊಂಡಿವೆ, ಆದರೆ ಅಪರಾಧ ಅಪರಾಧವೇ. ಇನ್ನೊಂದು ವಿಷಯ ನಿಮಗೆ ಹೊಳೆದಿರಲಿಕ್ಕಿಲ್ಲ. ಗಾಡಿ ಮಗಳ ಹೆಸರಿನಲ್ಲಿದೆ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ಮಾಲೀಕರಿಗೂ ಅಷ್ಟೇ ಶಿಕ್ಷೆ ಇದೆ.

ದಂಡವನ್ನು ಹೇಗೋ ಕಟ್ಟಿಬಿಡಬಹುದು, ನನಗೆ ಹೆದರಿಕೆ ವಿಮೆಯದ್ದು. ಆ ವರ್ಗದ ಲೈಸೆನ್ಸ್ ಇಲ್ಲದವರು ಓಡಿಸುವಾಗ ಅಪಘಾತವಾದರೆ ಸ್ವಂತ ಗಾಡಿಯ ರಿಪೇರಿಯ ಹಣವನ್ನು ಕಂಪನಿ ಸುಲಭವಾಗಿ ನಿರಾಕರಿಸುತ್ತದೆ. ಎದುರಿನವರಿಗೆ ಪೆಟ್ಟಾಗಿದ್ದರೆ ಅವರನ್ನು ಬೀದಿಪಾಲು ಮಾಡಬಾರದೆಂದು ನ್ಯಾಯಮಂಡಳಿ ಕಂಪನಿಯಿಂದಲೇ ಮೊದಲು ಪರಿಹಾರ ಕೊಡಿಸಿ, ಆಮೇಲೆ ಅದನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ಹೇಳಬಹುದು. 2004ರ ಸುಪ್ರೀಂ ಕೋರ್ಟ್ ತೀರ್ಪೊಂದರ ನಂತರ ಈ ದಾರಿ ಗಟ್ಟಿಯಾಗಿದೆ. ಅಂದರೆ ಹಾಲು ತರಲು ಹೋದ ಒಂದು ಸುತ್ತಿನ ಲೆಕ್ಕ ವರ್ಷಗಳ ನಂತರ ಮಗಳ ಬಾಗಿಲಿಗೆ ಬರಬಹುದು.

ಪ್ರಶ್ನೆ: ಕಾರಿನ ಲೈಸೆನ್ಸ್ ಇರುವವರು ಬೈಕಿಗೂ ಮಾಡಿಸಬೇಕೆಂದರೆ ಮತ್ತೆ ಎಲ್‌ಎಲ್‌ಆರ್‌ನಿಂದ (ಕಲಿಯುವವರ ಲೈಸೆನ್ಸಿನಿಂದ) ಶುರು ಮಾಡಬೇಕೇ? ಗೇರ್ ಇರುವುದಕ್ಕೂ ಇಲ್ಲದ್ದಕ್ಕೂ ಎರಡು ಸಲ ಪರೀಕ್ಷೆ ಕೊಡಬೇಕೇ?

ಉತ್ತರ: ಎಲ್‌ಎಲ್‌ಆರ್ ಬೇಕು. ಆದರೆ ಹೊಸ ಲೈಸೆನ್ಸ್ ಅಲ್ಲ, ಇರುವ ಲೈಸೆನ್ಸಿಗೆ ಇನ್ನೊಂದು ವರ್ಗ ಸೇರಿಸುವುದು. ಲೈಸೆನ್ಸ್ ಕೆಲಸಗಳ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಈ ವ್ಯತ್ಯಾಸ ನೆನಪಿರಲಿ. ಹೊಸಬರಂತೆ ಅರ್ಜಿ ತುಂಬಿ ಸಿಕ್ಕಿಹಾಕಿಕೊಂಡವರು ಬೇಕಾದಷ್ಟಿದ್ದಾರೆ. ಚಾಲ್ತಿಯಲ್ಲಿರುವ ಡಿಎಲ್ ಇದ್ದವರಿಗೆ ಸಂಚಾರ ಚಿಹ್ನೆಗಳ ಪ್ರಾಥಮಿಕ ಪರೀಕ್ಷೆಯಿಂದ ಕೇಂದ್ರ ನಿಯಮದಲ್ಲಿ ವಿನಾಯಿತಿ ಇದೆ.

ಎಲ್‌ಎಲ್‌ಆರ್ ಆರು ತಿಂಗಳು ಇರುತ್ತದೆ. ಕೈಗೆ ಬಂದ 30 ದಿನದ ನಂತರ, ಅದು ಮುಗಿಯುವುದರೊಳಗೆ ಪರೀಕ್ಷೆಗೆ ಹೋಗಬೇಕು. ಕೇಂದ್ರ ನಿಯಮದ ಪ್ರಕಾರ ಎಲ್‌ಎಲ್‌ಆರ್‌ಗೆ 150 ರೂಪಾಯಿ, ಪರೀಕ್ಷೆಗೆ 300, ವರ್ಗ ಸೇರಿಸಲು 500. ಕಾರ್ಡಿಗೆ, ಸೇವೆಗೆ ಎಂದು ರಾಜ್ಯದವರು ಇದರ ಮೇಲೆ ಸ್ವಲ್ಪ ಸೇರಿಸುತ್ತಾರೆ.

ಎಲ್‌ಎಲ್‌ಆರ್ ಇಟ್ಟುಕೊಂಡು ಬೈಕ್ ಕಲಿಯುವಾಗ ಮುಂದೆ, ಹಿಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು 'ಎಲ್' ಇರಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ, ಆ ಕಲಿಸುವವರಿಗೂ ಬೈಕಿನ ಲೈಸೆನ್ಸ್ ಇರಬೇಕು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗಿ ಕೈ ಪಳಗಿಸಿಕೊಳ್ಳುತ್ತೇನೆ ಎನ್ನುವಂತಿಲ್ಲ.

ಇನ್ನು ಗೇರ್ ವಿಷಯ. ಈ ಕಾಯ್ದೆಯಲ್ಲಿ ಒಂದು ವರ್ಗ ಇನ್ನೊಂದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುವ ಉದಾಹರಣೆ ಇಲ್ಲಿ ಸಿಗುತ್ತದೆ. ಗೇರ್ ಇರುವ ಬೈಕಿನಲ್ಲಿ ಪಾಸಾದವರು ಗೇರ್ ಇಲ್ಲದ್ದರಲ್ಲೂ ಪಾಸಾದಂತೆ ಎಂದು ಒಂಬತ್ತನೇ ಸೆಕ್ಷನ್ ಹೇಳುತ್ತದೆ. ತಿರುಗುಮುರುಗಾಗಿ ಇದು ನಡೆಯುವುದಿಲ್ಲ. ಆದ್ದರಿಂದ ಸಾಧ್ಯವಿದ್ದರೆ ವಿತ್ ಗೇರ್‌ನಲ್ಲೇ ಪರೀಕ್ಷೆ ಕೊಡಿ. ಸ್ಕೂಟರ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂಬ ಖಾತ್ರಿ ಇದ್ದವರಿಗೆ ವಿತೌಟ್ ಗೇರ್ ಸಾಕು.

ಒಮ್ಮೆ ವಿತ್ ಗೇರ್ ಸಿಕ್ಕಿತೆಂದರೆ ಸಿಸಿಗೆ ಮಿತಿಯೇ ಇಲ್ಲ. 100 ಸಿಸಿ ಬೈಕಿನಲ್ಲಿ ಪಾಸಾದ ಹದಿನೆಂಟರ ಹುಡುಗ ಮರುದಿನವೇ 1000 ಸಿಸಿ ಯಂತ್ರ ಹತ್ತಬಹುದು. ಬ್ರಿಟನ್‌ನಲ್ಲಿ ಹಾಗಿಲ್ಲ. ಅಲ್ಲಿ ಎ1, ಎ2, ಎ ಎಂದು ಮೆಟ್ಟಿಲುಗಳಿವೆ. 17ಕ್ಕೆ 125 ಸಿಸಿ, 19ಕ್ಕೆ 35 ಕಿಲೋವ್ಯಾಟ್‌ವರೆಗಿನದು, ಯಾವ ಮಿತಿಯೂ ಇಲ್ಲದ ಬೈಕಿಗೆ ನೇರವಾಗಿ ಹೋಗಬೇಕೆಂದರೆ 24 ಆಗಿರಬೇಕು. ಈ ಒಂದು ವಿಷಯದಲ್ಲಿ ನಮ್ಮ ಕಾಯ್ದೆ ತೀರಾ ಉದಾರಿ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಪರೀಕ್ಷೆಯ ದಿನ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಸಾಮಾನ್ಯವಾಗಿ ಎಂಟು ಹಾಕಬೇಕಾಗುತ್ತದೆ, ಕಾಲು ನೆಲಕ್ಕೆ ತಾಗಿಸದೆ. ಕಾರಿನಿಂದ ಬಂದವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಮುಂದಿನ ಚಕ್ರವನ್ನೇ ದಿಟ್ಟಿಸಿ ನೋಡುತ್ತಾರೆ, ಗಾಡಿ ವಾಲುತ್ತದೆ, ಕಾಲು ಇಳಿಯುತ್ತದೆ. ಕಣ್ಣು ತಿರುವಿನ ಆ ಕಡೆಗಿರಲಿ, ಗಾಡಿ ತಾನಾಗಿ ಹಿಂಬಾಲಿಸುತ್ತದೆ. ಕಾರಿನಲ್ಲಿ ಎಡಗಾಲಿಗೆ ಸಿಗುತ್ತಿದ್ದ ಕ್ಲಚ್ ಬೈಕಿನಲ್ಲಿ ಎಡಗೈಗೆ ಬರುತ್ತದೆ, ಎಡಗಾಲು ಗೇರಿಗೆ. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಎಡಗೈಯ ಅದೇ ಜಾಗದಲ್ಲಿ ಬ್ರೇಕ್ ಇರುತ್ತದೆ. ಬೈಕು ಕಲಿತ ವಾರವೇ ಸ್ಕೂಟರ್ ಹತ್ತಿ, ಕ್ಲಚ್ ಎಂದುಕೊಂಡು ಹಿಡಿದು ಮುಗ್ಗರಿಸಿದವರನ್ನು ಕಂಡಿದ್ದೇನೆ.

ಪ್ರಶ್ನೆ: ಎಲ್‌ಎಂವಿ ಲೈಸೆನ್ಸ್ ಇದ್ದರೆ 7,500 ಕೆ.ಜಿ.ವರೆಗಿನ ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆಯಲ್ಲ. ನನ್ನ ಬೈಕಿನ ತೂಕ 110 ಕೆ.ಜಿ. ಹಾಗಾದರೆ ಅದೂ ಬರಬೇಕಲ್ಲವೇ?

ಉತ್ತರ: ವಾದ ಚೆನ್ನಾಗಿದೆ, ಪೊಲೀಸರ ಮುಂದೆ ಮಾತ್ರ ಪ್ರಯತ್ನಿಸಬೇಡಿ.

2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಮಾನಿಸಿದ ಪ್ರಶ್ನೆಯೇ ಬೇರೆ. ಎಲ್‌ಎಂವಿ ಲೈಸೆನ್ಸ್ ಇರುವವರು 7,500 ಕೆ.ಜಿ. ಮೀರದ ಗೂಡ್ಸ್, ಟ್ಯಾಕ್ಸಿಯಂಥ ಸಾರಿಗೆ ವಾಹನ ಓಡಿಸಲು ಪ್ರತ್ಯೇಕ ನಮೂದು ಬೇಕೇ ಎಂಬುದು ಅಲ್ಲಿದ್ದ ವ್ಯಾಜ್ಯ. ಬೇಡ ಎಂದು 2017ರಲ್ಲೇ ಹೇಳಿದ್ದನ್ನು ಪೀಠ ಎತ್ತಿಹಿಡಿಯಿತು. ಲಘು ಮೋಟಾರು ವಾಹನದ ವ್ಯಾಖ್ಯೆಯಲ್ಲಿ ಕಾರು, ಟ್ರ್ಯಾಕ್ಟರ್, ಸಣ್ಣ ಸಾರಿಗೆ ವಾಹನಗಳಿವೆ. ಎರಡು ಚಕ್ರದ ಮೋಟಾರ್ ಸೈಕಲ್‌ಗೆ ಕಾಯ್ದೆಯಲ್ಲಿ ಬೇರೆಯೇ ವ್ಯಾಖ್ಯೆ ಇದೆ. ತೂಕ ಎಷ್ಟು ಕಡಿಮೆಯಾದರೂ ಅದು ಈ ಗುಂಪಿಗೆ ಬರುವುದಿಲ್ಲ.

ಪ್ರಶ್ನೆ: ಮಗನಿಗೆ ಹದಿನಾರು. ಟ್ಯೂಷನ್‌ಗೆ ಹೋಗಲು ಸ್ಕೂಟರ್ ಕೊಡಬಹುದೇ?

ಉತ್ತರ: ಹದಿನಾರಕ್ಕೆ 50 ಸಿಸಿ ಮೀರದ ಗಾಡಿಗೆ, ಪೋಷಕರ ಒಪ್ಪಿಗೆಯಿಂದ, ಲೈಸೆನ್ಸ್ ಸಿಗುತ್ತದೆ ಎಂದು ಕಾಯ್ದೆ ಹೇಳುತ್ತದೆ. ನೀವು ಮನಸ್ಸಿನಲ್ಲಿಟ್ಟುಕೊಂಡಿರುವ 110, 125 ಸಿಸಿ ಸ್ಕೂಟರ್ ಇದರಲ್ಲಿ ಬರುವುದಿಲ್ಲ. ಗಂಟೆಗೆ 25 ಕಿ.ಮೀ. ಮುಟ್ಟದ, 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಹಗುರ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸೇ ಬೇಕಿಲ್ಲ, ಅದು ಒಂದು ದಾರಿ. ಈ ಮಿತಿಗಳನ್ನು ಮೀರಿದ್ದು ಕೊಟ್ಟು ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಪ್ರಶ್ನೆ: ಮುಂದಿನ ತಿಂಗಳು ಥಾಯ್ಲೆಂಡ್ ಪ್ರವಾಸ. ಅಲ್ಲಿ ಸ್ಕೂಟರ್ ಬಾಡಿಗೆಗೆ ಸಿಗುತ್ತದಂತೆ. ನನ್ನ ಹತ್ತಿರ ಕಾರಿನ ಲೈಸೆನ್ಸ್ ಇದೆ, ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿದರೆ ಸಾಕೇ? ಇಟಲಿಯಲ್ಲಿರುವ ಭಾವ ಕಾರಿನ ಲೈಸೆನ್ಸಿನಲ್ಲೇ 125 ಸಿಸಿ ಓಡಿಸುತ್ತಾರೆ.

ಉತ್ತರ: ನಿಮ್ಮ ಭಾವ ಹೇಳುವುದು ಸುಳ್ಳಲ್ಲ. ಇಟಲಿ, ಸ್ಪೇನ್‌ನಂಥ ದೇಶಗಳು ಅಲ್ಲಿನ ಕಾರಿನ ಲೈಸೆನ್ಸಿಗೆ 125 ಸಿಸಿಯನ್ನೂ ಸೇರಿಸಿಕೊಟ್ಟಿವೆ, ಸ್ಪೇನ್‌ನಲ್ಲಿ ಮೂರು ವರ್ಷದ ಅನುಭವ ಕೇಳುತ್ತಾರೆ. ಆದರೆ ಆ ರಿಯಾಯಿತಿ ಅವರ ಗಡಿಯೊಳಗಿನ ಮಾತು, ನಮ್ಮ ಲೈಸೆನ್ಸಿಗೆ ಅಂಟಿಕೊಂಡು ಬರುವುದಿಲ್ಲ.

ನಮ್ಮ ಆರ್‌ಟಿಒ ಕೊಡುವ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ಅದರಲ್ಲಿ ಮೋಟಾರ್ ಸೈಕಲ್‌ಗೆ 'ಎ', ಕಾರಿಗೆ 'ಬಿ'. ನಿಮ್ಮ ಡಿಎಲ್‌ನಲ್ಲಿ ಇಲ್ಲದ್ದು ಪರ್ಮಿಟ್‌ನಲ್ಲಿ ಹುಟ್ಟುವುದಿಲ್ಲ, ಆದ್ದರಿಂದ ನಿಮಗೆ 'ಬಿ' ಮುದ್ರೆ ಮಾತ್ರ ಬೀಳುತ್ತದೆ. ಬಾಡಿಗೆ ಅಂಗಡಿಯವರು ಅದನ್ನು ನೋಡದೆಯೇ ಕೀಲಿ ಕೊಟ್ಟಾರು. ಬಿದ್ದು ಆಸ್ಪತ್ರೆ ಸೇರಿದರೆ ಪ್ರವಾಸ ವಿಮೆಯವರು ಮೊದಲು ನೋಡುವುದು ಆ 'ಎ' ಮನೆಯಲ್ಲಿ ಮುದ್ರೆ ಇದೆಯೇ ಎಂದು. ಮುಂದಿನ ತಿಂಗಳೇ ಹೊರಡುವುದಾದರೆ ಎಲ್‌ಎಲ್‌ಆರ್‌ನ 30 ದಿನ ಕಳೆದು, ಪರೀಕ್ಷೆಯಾಗಿ, ವರ್ಗ ಸೇರಿ, ಆಮೇಲೆ ಪರ್ಮಿಟ್ ಮಾಡಿಸುವಷ್ಟು ಸಮಯ ನಿಮಗೆ ಸಿಗಲಾರದು. ಈ ಸಲ ಅಲ್ಲಿ ಕಾರನ್ನೇ ಬಾಡಿಗೆಗೆ ಹಿಡಿಯಿರಿ. ರಸ್ತೆಯ ಎಡಗಡೆಯೇ ಹೋಗಬೇಕು, ಕಷ್ಟವಾಗುವುದಿಲ್ಲ.