ಮೂರನೇ ವರ್ಷದ ಪಿಎಚ್‌ಡಿ: ಬಿಡಲೇ, ಮುಂದುವರಿಸಲೇ?

ಪ್ರಶ್ನೆ: ವಯಸ್ಸು ಇಪ್ಪತ್ತೇಳು. ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದು ಪಿಎಚ್‌ಡಿಗೆ ಸೇರಿದೆ. ಈಗ ಮೂರನೇ ವರ್ಷ. ನಾನು ಶುದ್ಧೀಕರಿಸಬೇಕಾದ ಪ್ರೋಟೀನು ಪ್ರತಿ ಸಲವೂ ಕರಗದೆ, ಕೊಳವೆಯ ತಳದಲ್ಲಿ ಕೂರುವ ಪೆಲೆಟ್‌ಗೇ ಹೋಗುತ್ತದೆ. ನಾಲ್ಕು ತಿಂಗಳಿಂದ ಗೈಡ್‌ಗೆ ಏನನ್ನೂ ತೋರಿಸಿಲ್ಲ. ಮೊನ್ನೆ ಕೋಲ್ಡ್ ರೂಮಿನಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ. ಮನೆಯಲ್ಲಿ ಮದುವೆಯ ಒತ್ತಾಯ ಬೇರೆ. ನಾನು ಇದಕ್ಕೆ ತಕ್ಕವಳಲ್ಲವೇನೋ, ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ನಾಲ್ಕು ತಿಂಗಳ ಮೌನ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೇರೆ ಜೀವಿಯ ಪ್ರೋಟೀನನ್ನು ತಯಾರಿಸಿದಾಗ ಅದು ಸರಿಯಾಗಿ ಮಡಚಿಕೊಳ್ಳದೆ ಮುದ್ದೆಗಟ್ಟುವುದು, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಹಾಕಿ ನೋಡಿದರೆ ಅದರ ದಪ್ಪ ಬ್ಯಾಂಡು (ಪಟ್ಟಿ) ಮೇಲಿನ ತಿಳಿದ್ರವದ ಸಾಲನ್ನು ಬಿಟ್ಟು ಪೆಲೆಟ್ಟಿನ ಸಾಲಿನಲ್ಲೇ ಕೂತಿರುವುದು ಈ ಕ್ಷೇತ್ರದ ಪ್ರತಿಯೊಂದು ಪ್ರಯೋಗಾಲಯವೂ ಕಂಡಿರುವ ಸಂಗತಿ. ಉಷ್ಣತೆಯನ್ನು 37 ಡಿಗ್ರಿಯಿಂದ 16ಕ್ಕೆ ಇಳಿಸುವುದು, ಪ್ರೋಟೀನು ತಯಾರಿಕೆಯನ್ನು ಶುರುಮಾಡಿಸುವ ಐಪಿಟಿಜಿ ತಗ್ಗಿಸುವುದು, ಯೂರಿಯಾದಲ್ಲಿ ಕರಗಿಸಿ ಮತ್ತೆ ಮಡಚಿಸುವುದು ಇವನ್ನೆಲ್ಲ ನೀವೊಬ್ಬರೇ ಮಾಡಬಹುದು, ಬಹುಶಃ ಮಾಡಿಯೂ ಇದ್ದೀರಿ. ಆದರೆ ಜೀನನ್ನು, ಪ್ರೋಟೀನು ಕರಗಲು ನೆರವಾಗುವ ಎಂಬಿಪಿಯಂಥ ಟ್ಯಾಗಿಗೆ ಜೋಡಿಸಿ ಹೊಸದಾಗಿ ಕ್ಲೋನ್ ಮಾಡುವುದು, ಯೀಸ್ಟ್ ಅಥವಾ ಕೀಟಕೋಶಗಳಿಗೆ ಬದಲಾಯಿಸುವುದು, ಈ ಪ್ರೋಟೀನನ್ನೇ ಕೈಬಿಡುವುದು ಇವಕ್ಕೆ ಹಣ ಬೇಕು, ಗೈಡ್ ಒಪ್ಪಿಗೆ ಬೇಕು. ನೀವು ಬಾಯಿ ಬಿಡದಿರುವವರೆಗೆ ಆ ದಾರಿಗಳು ತೆರೆಯುವುದಿಲ್ಲ.

ಆದ್ದರಿಂದ ಈ ವಾರವೇ ಎಲ್ಲ ಜೆಲ್‌ಗಳ ಚಿತ್ರಗಳನ್ನು ದಿನಾಂಕ, ಉಷ್ಣತೆ, ಬಫರ್ ಸಮೇತ ಜೋಡಿಸಿಕೊಂಡು ಗೈಡ್ ಎದುರು ಕುಳಿತುಕೊಳ್ಳಿ. ಕ್ಷಮೆ ಕೇಳಬೇಡಿ, "ಇದನ್ನು ಇನ್ನೆಷ್ಟು ತಿಂಗಳು ಪ್ರಯತ್ನಿಸೋಣ, ಆಗದಿದ್ದರೆ ಮುಂದೇನು?" ಎಂದು ಕೇಳಿ. ಅವರು ಗದರಿ ಕಳಿಸಿದರೆ ಸಂಶೋಧನಾ ಸಲಹಾ ಸಮಿತಿಯಿದೆ. ಪ್ರತಿ ಸೆಮಿಸ್ಟರ್‌ನಲ್ಲೂ ಅದರ ಮುಂದೆ ಪ್ರಗತಿ ಮಂಡಿಸಬೇಕೆಂದು ಯುಜಿಸಿಯ 2022ರ ನಿಯಮವೇ ಹೇಳುತ್ತದೆ. ಸಂಶೋಧನೆಯ ಉದ್ದೇಶವನ್ನು ಬದಲಿಸಬೇಕೆಂಬ ಮಾತನ್ನು ಅಲ್ಲಿ ಎತ್ತಲು ನಿಮಗೆ ಹಕ್ಕಿದೆ.

ಮದುವೆಯ ವಿಷಯವನ್ನು ಇದರೊಂದಿಗೆ ಬೆರೆಸಬೇಡಿ. ಅದೇ ನಿಯಮದಲ್ಲಿ ಪಿಎಚ್‌ಡಿಗೆ ಆರು ವರ್ಷಗಳ ಮಿತಿಯಿದ್ದರೂ ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷಗಳ ಸಡಿಲಿಕೆಯಿದೆ, 240 ದಿನಗಳವರೆಗೆ ಹೆರಿಗೆ ರಜೆಯೂ ಇದೆ. ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆದವರಿಗೆ ತಿಂಗಳಿಗೆ 42,000 ರೂಪಾಯಿ ಬರುತ್ತದೆ ಎಂಬುದನ್ನು, "ಇನ್ನೂ ಓದುತ್ತಲೇ ಇದ್ದಾಳೆ" ಎನ್ನುವ ಬಂಧುಗಳಿಗೆ ತಾಯಿತಂದೆಯರೇ ಹೇಳಲಿ. ನೋಡಲು ಬರುವ ಹುಡುಗನಿಗೆ ಮಾತ್ರ, 16 ಡಿಗ್ರಿಯ ಕಲ್ಚರ್ ಬೆಳೆಯಲು ರಾತ್ರಿಯಿಡೀ ಬೇಕು, ಕೆಲವು ದಿನ ಮನೆಗೆ ಬರುವುದು ತಡವಾಗುತ್ತದೆ ಎಂದು ಮೊದಲೇ ತಿಳಿಸಿ; ಅವನ ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಗೈಡ್ ಜೊತೆ ಮಾತಾಡಿದ ಮೇಲೂ ಈ ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ನಿಶ್ಚಿಂತೆಯಿಂದ ಬಿಡಿ. ಪ್ರೋಟೀನು ಶುದ್ಧೀಕರಣದಲ್ಲಿ ಪಳಗಿದ ಕೈಗಳು ಬೆಂಗಳೂರಿನ ಜೈವಿಕ ಔಷಧ ಕಂಪನಿಗಳಿಗೆ ಬೇಕು. ಮಾತಾಡುವ ಮೊದಲು ಮಾತ್ರ ಬಿಡಬೇಡಿ. ಈ ನಡುವೆ ಅಳು ಹೆಚ್ಚಾದರೆ, ನಿದ್ದೆ ಕೆಟ್ಟರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯಲ್ಲೂ ಸಿಗುತ್ತಾರೆ.