ಹಳ್ಳದ ನೊರೆ, ಕಡಲ ನೊರೆ

ಪ್ರಶ್ನೆ: ಮಳೆಗಾಲದಲ್ಲಿ ಆಗುಂಬೆ ಕಡೆಯ ಹಳ್ಳದ ನೊರೆಯಲ್ಲಿ ನಾಲ್ಕು ಕೈಗಳ ಶಿಲೀಂಧ್ರ ಬೀಜಕ ನೋಡಿದ್ದೆವು. ಮೊನ್ನೆ ಹೊನ್ನಾವರದ ಕಡಲ ನೊರೆಯಲ್ಲಿ ಎರಡೂ ತುದಿಗೆ ಮುಳ್ಳಿರುವ ಬೀಜಕ ಸಿಕ್ಕಿತು. ಅದು ಕೊರೊಲ್ಲೊಸ್ಪೊರಾ ಎಂಬ ಕಡಲ ಶಿಲೀಂಧ್ರದ್ದು ಎನ್ನುತ್ತಾರೆ. ಹಳೆಯ ಪುಸ್ತಕದಲ್ಲಿ ಅದರ ಗಣ (ಕುಟುಂಬಗಳ ಗುಂಪು) ಹ್ಯಾಲೊಸ್ಫೇರಿಯಾಲಿಸ್, ಹೊಸದರಲ್ಲಿ ಮೈಕ್ರೊಆಸ್ಕಾಲಿಸ್. ಯಾವುದು ಸರಿ? ಹಳ್ಳದ್ದೂ ಕಡಲಿನದೂ ನೆಂಟರೇ?
– ಓದುಗರು, ಸಾಗರ

ಉತ್ತರ: ಹೊಸದೇ ಸರಿ. ಕೊರೊಲ್ಲೊಸ್ಪೊರಾ ಸೇರಿರುವ ಹ್ಯಾಲೊಸ್ಫೇರಿಯೇಸಿ ಕುಟುಂಬ ಹಾಗೇ ಉಳಿದಿದೆ. ಡಿಎನ್‌ಎ ಹೋಲಿಕೆಯ ನಂತರ ಅದನ್ನು ಮೈಕ್ರೊಆಸ್ಕಾಲಿಸ್ ಗಣದೊಳಗೆ ಸೇರಿಸಿದ್ದಾರೆ. ಹಿಂದೆ ಇದೇ ಕುಟುಂಬದಲ್ಲಿದ್ದ ಇನ್ನೊಂದು ಕಡಲ ಶಿಲೀಂಧ್ರ ಲುಲ್ವರ್ಥಿಯಾವನ್ನು 2000ರಲ್ಲಿ ಬೇರೆ ಗಣಕ್ಕೆ, ಲುಲ್ವರ್ಥಿಯಾಲಿಸ್‌ಗೆ, ತೆಗೆದರು. ಅದರ ದಾರದಂಥ ಬೀಜಕದ ತುದಿಗಳಲ್ಲಿ ಲೋಳೆ ತುಂಬಿದ ಪುಟ್ಟ ಕೋಣೆಗಳಿರುತ್ತವೆ, ಮುಳ್ಳಲ್ಲ.

ನೀವು ಹಳ್ಳದಲ್ಲಿ ಕಂಡವು ಉದುರಿದ ಎಲೆಯ ಮೇಲೆ ಬೆಳೆಯುವ ಶಿಲೀಂಧ್ರಗಳ ನಿರ್ಲಿಂಗ ಬೀಜಕಗಳು. 1942ರಲ್ಲಿ ಬ್ರಿಟನ್ನಿನ ಶಿಲೀಂಧ್ರ ತಜ್ಞ ಇಂಗೋಲ್ಡ್ ಇವನ್ನು ವಿವರವಾಗಿ ಬರೆದರು. ಕೊರೊಲ್ಲೊಸ್ಪೊರಾದ್ದು ಚೀಲದೊಳಗೆ ಹುಟ್ಟುವ ಲೈಂಗಿಕ ಬೀಜಕ. ಕೈಯಾಗಲಿ ಮುಳ್ಳಾಗಲಿ, ನೊರೆಗೆ ಸಿಕ್ಕಿಕೊಂಡು ತೇಲಲು ಅನುಕೂಲ, ಅಷ್ಟೆ, ನೆಂಟಸ್ತಿಕೆಯ ಗುರುತಲ್ಲ. ನೋಟ ನಂಬಿ ಮೋಸಹೋದ ಉದಾಹರಣೆ ನಮ್ಮ ತೋಟದಲ್ಲೇ ಇದೆ: ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾ ಈಗ ಶಿಲೀಂಧ್ರವೇ ಅಲ್ಲ, ಕಂದು ಕಡಲಪಾಚಿಗಳ ಕಡೆಯದು.

ಕುಲ ಗುರುತಿಸಲು ಮುಳ್ಳಿಗಿಂತ ಬೀಜಕದ ನಡುವನ್ನು ನೋಡಿ. 1922ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ವೆರ್ಡರ್‌ಮನ್ ಹೆಸರಿಟ್ಟ, ಕುಲಕ್ಕೆ ಆಧಾರವಾದ ಮಾದರಿ ಪ್ರಭೇದ ಕೊರೊಲ್ಲೊಸ್ಪೊರಾ ಮ್ಯಾರಿಟಿಮಾದಲ್ಲಿ ಬೀಜಕಕ್ಕೆ ಒಂದೇ ಅಡ್ಡಗೋಡೆ. ಮೇಲಿನ ತೆಳುಪದರ ಸಿಪ್ಪೆಯಂತೆ ಹರಿದು ಸೊಂಟದ ಸುತ್ತ ಜಾಲರಿಯಾಗಿ ನಿಲ್ಲುತ್ತದೆ. ಉಪಾಂಗ (ಬೀಜಕದ ಮೇಲಿನ ಮುಳ್ಳು, ಜಾಲರಿಯಂಥದ್ದು) ಹೀಗೆ ಪದರ ಹರಿದು ಆಯಿತೇ, ಗೋಡೆಯಿಂದಲೇ ಬೆಳೆಯಿತೇ ಎಂಬುದು ಆಕಾರಕ್ಕಿಂತ ಹೆಚ್ಚು ನಂಬಬಹುದಾದ ಸುಳಿವು.

ಇದು ಕಾಣಬೇಕಾದರೆ ಮೊದಲು ಬರೀ ಕಡಲ ನೀರಿನ ಹನಿಯಲ್ಲೇ ಸೂಕ್ಷ್ಮದರ್ಶಕದಡಿ ನೋಡಿ, ಚಿತ್ರ ಬರೆದುಕೊಳ್ಳಿ. ಆಮೇಲೆ ಲ್ಯಾಕ್ಟೊಫೀನಾಲ್ ಬಣ್ಣ ಹಾಕಿ. ಮೊದಲೇ ಹಾಕಿದರೆ ತೆಳ್ಳನೆಯ ಜಾಲರಿ ಮುದುಡಿ ಮಾಯವಾಗುತ್ತದೆ. ನೊರೆಯ ಬೀಜಕ ಕೆಲವೇ ಗಂಟೆಯಲ್ಲಿ ಮೊಳೆಯುವುದರಿಂದ ಅಂದೇ ನೋಡಿ, ಇಲ್ಲವೇ ಫಾರ್ಮಲಿನ್ ಬೆರೆಸಿಡಿ.

ನೊರೆಯೊಂದರಿಂದಲೇ ತೀರ್ಮಾನ ಬೇಡ, ಬೀಜಕ ಹುಟ್ಟುವ ಫಲಕಾಯವೂ ಬೇಕು. ಚಿಪ್ಪಿನ ಚೂರಿರುವ ಮರಳು ಮತ್ತು ದಡಕ್ಕೆ ಬಿದ್ದ ಕಟ್ಟಿಗೆ ತುಂಡನ್ನು ಮುಚ್ಚಳದ ಡಬ್ಬಿಯಲ್ಲಿ ಕುದಿಸಿ ಆರಿಸಿದ ಕಡಲ ನೀರಿನಿಂದ ಒದ್ದೆ ಮಾಡಿಡಿ. ಮುಳುಗುವಷ್ಟು ಹಾಕಿದರೆ ಬ್ಯಾಕ್ಟೀರಿಯಾ ಹೆಚ್ಚಿ ನಾರುತ್ತದೆ. ಆರಿದ ಭಾಗಕ್ಕೆ ಬಟ್ಟಿ ಇಳಿಸಿದ ನೀರನ್ನೇ ಕೊಡಿ. ಕಡಲ ನೀರನ್ನೇ ಮತ್ತೆ ಸುರಿದರೆ ಉಪ್ಪು ಏರುತ್ತಾ ಹೋಗುತ್ತದೆ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಹಸಿರು ಬೂಷ್ಟು ಬೇಗ ಕೂರುತ್ತದೆ, ಹಾಗಾಗಿ ಮುಚ್ಚಳ ಪದೇ ಪದೇ ತೆಗೆಯಬೇಡಿ. ಕೆಲವು ವಾರಗಳಲ್ಲಿ ಮರಳ ಕಣಕ್ಕೆ ಅಂಟಿದ, ಸಾಸಿವೆಗಿಂತ ಬಹಳ ಸಣ್ಣ ಕಪ್ಪು ಗುಂಡುಗಳು, ಅಂದರೆ ಫಲಕಾಯಗಳು, ಕಂಡರೆ ಒಂದನ್ನು ಸೂಜಿಯಿಂದ ಒಡೆಯಿರಿ. ಬೀಜಕದ ಚೀಲ ಬೇಗ ಕರಗುವುದರಿಂದ ಬಲಿತ ಗುಂಡಿನಲ್ಲಿ ಬೀಜಕವಷ್ಟೇ ಸಿಗುತ್ತದೆ. ಚೀಲ ನೋಡಬೇಕಿದ್ದರೆ ಎಳೆಯದನ್ನೇ ಆರಿಸಿ.